ಬದರಿಯ ಹಾದಿಯಿಂದ ಹಿಂದಿರುಗಿದ ಶಿಷ್ಯ

ಮಾಘ ಶುದ್ಧ ನವಮಿಯು ಮಧ್ವನವಮಿಯೆಂದು ಆಚರಿಸಲ್ಪಡುವ ಪರ್ವದಿನ. ಶ್ರೀಮದಾಚಾರ್ಯರು ಉಡುಪಿಯ ಶ್ರೀ ಅನಂತೇಶ್ವರ ಸನ್ನಿಧಿಯಲ್ಲಿ ಅದೃಶ್ಯರಾಗಿ ಬದರಿಯನ್ನು ಸೇರಿದರೆಂಬುದು ಸಂಪ್ರದಾಯ. ಆದುದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಆಸ್ತಿಕರಿಗೆ ಬದರಿಯು ದೂರದ ಹಿಮಗಿರಿಯಾದರೂ ಅಪರಿಚಿತವಲ್ಲ. ಒಮ್ಮೆಯಾದರೂ ಅಲ್ಲಿಗೆ ಹೋಗಬೇಕೆಂಬ ಹಂಬಲ ಮನೆಮನೆಯಲ್ಲಿಯೂ ಉಂಟು. ಆದರೆ ಆ ಗಿರಿಯು ಯಾತ್ರಿಕನಿಂದ ಅಪೇಕ್ಷಿಸುವುದೇನು?

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಸುಮಾರು 3,100 ಮೀಟರ್ ಎತ್ತರದಲ್ಲಿ, ನರ ನಾರಾಯಣ ಪರ್ವತಗಳ ನಡುವೆ ಅಲಕನಂದೆಯ ದಡದಲ್ಲಿ ಬದರೀನಾರಾಯಣನ ಮಂದಿರವಿದೆ. ಸಮೀಪದಲ್ಲಿ 6,596 ಮೀಟರ್ ಎತ್ತರದ ನೀಲಕಂಠ ಶಿಖರ. ಮಂಜಿನಂತೆ ತಣ್ಣಗಿನ ನದಿಯ ಪಕ್ಕದಲ್ಲಿಯೇ ತಪ್ತಕುಂಡದ ಬಿಸಿನೀರು. ಹಿಮ ಮುಸುಕುವ ಕಾರಣ ನವೆಂಬರಿನ ಸುಮಾರಿಗೆ ಮುಚ್ಚುವ ಬಾಗಿಲು ಮರಳಿ ತೆರೆಯುವುದು ವೈಶಾಖದ ಹೊತ್ತಿಗೆ. ಆ ತಿಂಗಳುಗಳಲ್ಲಿ ಪೂಜೆಯು ನಾರದರದೆಂದು ನಂಬಿಕೆ. ಮನುಷ್ಯರು ಬೆಟ್ಟವನ್ನು ಬಿಟ್ಟುಕೊಟ್ಟು ಕೆಳಗಿಳಿಯುತ್ತಾರೆ.

ಆಚಾರ್ಯರ ಪ್ರಥಮ ಬದರೀಯಾತ್ರೆಯನ್ನು ಶ್ರೀ ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಆಚಾರ್ಯರು 48 ದಿನಗಳ ಉಪವಾಸವನ್ನೂ ಕಾಷ್ಠಮೌನವನ್ನೂ ಕೈಗೊಂಡು, ಅನಂತರ ವ್ಯಾಸಾಶ್ರಮದತ್ತ ಏಕಾಕಿಯಾಗಿ ಹೊರಟರು. ಶಿಷ್ಯರಾದ ಶ್ರೀ ಸತ್ಯತೀರ್ಥರು ವಿರಹವನ್ನು ತಾಳಲಾರದೆ ಬೆನ್ನು ಹತ್ತಿದರು. ಗುರುಗಳು ಕೈಸನ್ನೆಯಿಂದಲೇ ಅವರನ್ನು ಹಿಂದಕ್ಕೆ ಕಳುಹಿಸಿದರು. ಇಷ್ಟು ದೂರ ಬಂದವರಿಗೆ ಇದಕ್ಕಿಂತ ಕಠಿನವಾದ ಆಜ್ಞೆ ಬೇರೊಂದಿರಲಾರದು. ಆದರೆ ಮುಂದಾದುದನ್ನು ನೋಡಿ: ಆಚಾರ್ಯರು ಬದರಿಯಿಂದ ಮರಳಿ ಬ್ರಹ್ಮಸೂತ್ರಭಾಷ್ಯವನ್ನು ರಚಿಸಿದಾಗ, ಅದನ್ನು ಬರೆದುಕೊಳ್ಳುವ ಭಾಗ್ಯ ದೊರೆತದ್ದು ಆ ಸತ್ಯತೀರ್ಥರಿಗೇ. ಏರಲಾಗದ ಎತ್ತರದ ಫಲವು ವಿಧೇಯತೆಗೆ ದೊರೆಯಿತು.

ನಮ್ಮ ಕುಂದಾಪುರ ಸೀಮೆಯ ಹೂವಿನಕೆರೆಯಲ್ಲಿ ಅವತರಿಸಿದ ಶ್ರೀ ವಾದಿರಾಜ ಶ್ರೀಪಾದಂಗಳವರ ತೀರ್ಥಪ್ರಬಂಧವೂ ಇಲ್ಲಿ ಸ್ಮರಣೀಯ. ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನು ಸ್ತುತಿಸುವ ಆ ಕೃತಿಯಲ್ಲಿ ಬದರಿಯೂ ಇದೆ, ನಮ್ಮ ಕೋಟೇಶ್ವರವೂ ಇದೆ. ಹಿಮಾಲಯವನ್ನು ಕೊಂಡಾಡುವಾಗ ಯತಿಗಳು ತವರುಸೀಮೆಯ ಕ್ಷೇತ್ರವನ್ನು ಮರೆಯಲಿಲ್ಲ.

ಈಗ ಮೋಟಾರು ರಸ್ತೆಯು ಬದರಿಯವರೆಗೂ ತಲಪುತ್ತದೆ. ದಾರಿಯಲ್ಲಿ ಸಿಗುವ ಜೋಶಿಮಠವು ಶ್ರೀ ನರಸಿಂಹನ ಸನ್ನಿಧಿಯುಳ್ಳ ಊರು. ಪ್ರಾಚೀನ ಭೂಕುಸಿತದ ಸಡಿಲ ಮಣ್ಣುಕಲ್ಲುಗಳ ಮೇಲೆ ನಿಂತಿದೆ. ಅಲ್ಲಿ ಭಾರವಾದ ಕಟ್ಟಡಗಳು ಸಲ್ಲವೆಂದು ಸರಕಾರವೇ ನೇಮಿಸಿದ್ದ ಸಮಿತಿಯು 1976ರಲ್ಲಿ ಎಚ್ಚರಿಸಿತ್ತು. ಆದರೂ ಕಟ್ಟಡಗಳು ಏಳುತ್ತಲೇ ಹೋದವು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕುಬಿಟ್ಟು ಅನೇಕ ಕುಟುಂಬಗಳು ಮನೆ ತೊರೆಯಬೇಕಾಯಿತು. ಕೈಸನ್ನೆಯನ್ನು ಕಂಡೂ ನಿಲ್ಲದಿದ್ದುದರ ಫಲವಿದು.

ಆದುದರಿಂದ ಯಾತ್ರೆ ಕೈಗೊಳ್ಳುವವರು ಮಿತವಾದ ಸಾಮಾನಿನೊಡನೆ ಹೋಗಲಿ, ಅಲಕನಂದೆಗೆ ಕಸವನ್ನು ಎಸೆಯದಿರಲಿ, ಮಾರ್ಗವು ಕುಸಿದಿದೆಯೆಂದು ತಡೆದರೆ ಹಟ ಹಿಡಿಯದೆ ಮರಳಲಿ. ವಯೋಧರ್ಮದಿಂದಲೋ ಅನಾರೋಗ್ಯದಿಂದಲೋ ಹೋಗಲಾರದವರು ಖೇದಪಡಬೇಕಾಗಿಲ್ಲ. ಮಧ್ವನವಮಿಯಂದು ಸುಮಧ್ವವಿಜಯದ ಪಾರಾಯಣವನ್ನು ಶ್ರವಣಮಾಡುತ್ತ ಸತ್ಯತೀರ್ಥರನ್ನು ಸ್ಮರಿಸಲಿ. ಹಿಂದಿರುಗಿದವರಿಗೂ ಗುರುಸೇವೆಯು ಕಾದಿರುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.