ವಿರೋಧಾರ್ಥಕ ಪದಗಳು: ಇಂಗ್ಲಿಷ್ ಬರವಣಿಗೆಯಲ್ಲಿ ಹಾಗೂ ನಮ್ಮ ನುಡಿಯಲ್ಲಿ

ಕನ್ನಡ ಪಂಡಿತನಾದವನು ಇಂಗ್ಲಿಷಿನ ಪದಪ್ರಯೋಗವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಲ್ಲಿ ಹಲವಕ್ಕೆ ಕಾರಣವು ಕನ್ನಡದ ವಾಕ್ಯರಚನೆಯಲ್ಲಿಯೇ ಅಡಗಿರುವುದರಿಂದ, ಆ ಕಾರಣವನ್ನು ತೋರಿಸಿಕೊಡುವುದು ಕನ್ನಡದ ಅಧ್ಯಾಪಕನ ಹೊಣೆಯೂ ಆಗುತ್ತದೆ. ಇಲ್ಲಿ ಒಂದೇ ವಿಷಯವನ್ನು ಎತ್ತಿಕೊಂಡಿದ್ದೇನೆ. ಎರಡು ಸಂಗತಿಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸಬೇಕಾದಾಗ ನಿತ್ಯವ್ಯವಹಾರದ ಇಂಗ್ಲಿಷ್ ಬರವಣಿಗೆಯು, ಅಂದರೆ ಅರ್ಜಿ, ಪತ್ರ, ವರದಿ, ವೃತ್ತಪತ್ರಿಕೆಗಳ ಬರವಣಿಗೆಯು, ಯಾವ ಪದಗಳನ್ನು ಹೇಗೆ ಬಳಸುತ್ತದೆ. ಅದೇ ಕಾರ್ಯವನ್ನು ಕನ್ನಡವು ಯಾವ ಬಗೆಯಿಂದ ನೆರವೇರಿಸುತ್ತದೆ ಎಂಬುದೇ ಆ ವಿಷಯ.

ಇದು ಕೇವಲ ವ್ಯಾಕರಣದ ಚರ್ಚೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರಗತಿಪತ್ರದಲ್ಲಿ ಅಧ್ಯಾಪಕರು ಬರೆಯುವ ಷರಾವನ್ನೇ ತೆಗೆದುಕೊಳ್ಳೋಣ. ‘ಹುಡುಗ ಜಾಣ, ಆದರೆ ಸೋಮಾರಿ’ ಎಂದು ಓದಿದ ತಂದೆ ಮಗನನ್ನು ಗದರಿಸುತ್ತಾನೆ. ‘ಹುಡುಗ ಸೋಮಾರಿ, ಆದರೆ ಜಾಣ’ ಎಂದಿದ್ದರೆ ಅದೇ ತಂದೆ ಸಮಾಧಾನದಿಂದ ಪತ್ರಕ್ಕೆ ರುಜು ಹಾಕುತ್ತಾನೆ. ಹೇಳಿದ ಸಂಗತಿಗಳು ಅವೇ ಎರಡು. ಭಾರವು ಎಲ್ಲಿ ಬಿದ್ದಿತೆಂಬುದು ಮಾತ್ರ ಬೇರೆ. ‘ಬಟ್’ ಎಂಬ ಇಂಗ್ಲಿಷ್ ಪದಕ್ಕೂ ಇದೇ ಸ್ವಭಾವವುಂಟು. ತನ್ನ ಮುಂದೆ ಬರುವ ಮಾತಿಗೆ ಅದು ತೂಕವನ್ನು ಕೊಡುತ್ತದೆ. ‘ಆಲ್‌ದೋ’ ಎಂಬುದು ಇದಕ್ಕೆ ತಿರುಗುಮುರುಗು. ತಾನು ಸೇರಿದ ಮಾತನ್ನು ಹಗುರಗೊಳಿಸಿ, ಇನ್ನೊಂದನ್ನು ಮೇಲಕ್ಕೆತ್ತುತ್ತದೆ. ಕೆಲಸಕ್ಕೆ ಅರ್ಜಿ ಬರೆಯುವ ತರುಣನು ತನ್ನ ನಾಲ್ಕು ವರ್ಷದ ಅನುಭವವನ್ನು ಮೊದಲು ಹೇಳಿ, ‘ಬಟ್’ ಎಂದು ಬರೆದು, ಒಂದು ವಿಷಯದಲ್ಲಿ ಅನುತ್ತೀರ್ಣನಾದುದನ್ನು ಕೊನೆಯಲ್ಲಿ ಇಟ್ಟರೆ, ಓದುವವರ ಮನಸ್ಸಿನಲ್ಲಿ ಉಳಿಯುವುದು ಆ ಅನುತ್ತೀರ್ಣತೆಯೇ. ಅದನ್ನೇ ‘ಆಲ್‌ದೋ’ ಎಂದು ಮೊದಲು ಒಪ್ಪಿಕೊಂಡು ಅನುಭವವನ್ನು ಕೊನೆಗಿಟ್ಟರೆ ಅರ್ಜಿಯ ಮುಖವೇ ಬದಲಾಗುತ್ತದೆ. ಗ್ರಾಮಾಂತರದ ನಮ್ಮ ವಿದ್ಯಾರ್ಥಿಗಳಿಗೆ ಈ ಸೂಕ್ಷ್ಮವನ್ನು ತಿಳಿಸಿಕೊಡುವವರು ವಿರಳ.

ಇನ್ನು ನಮ್ಮ ‘ಆದರೆ’ಯ ವಿಚಾರ. ಇದು ವಿಸ್ತಾರವಾಗಿ ನೋಡತಕ್ಕ ಪದ. ‘ಆಗು’ ಧಾತುವಿನಿಂದ ಹುಟ್ಟಿದ, ನಮ್ಮ ವ್ಯಾಕರಣವು ಪಕ್ಷಾರ್ಥಕವೆಂದು ಹೇಳುವ ರೂಪ ಅದು. ಹಳಗನ್ನಡದ ‘ಆದೊಡೆ’ಯೇ ಹೊಸಗನ್ನಡದಲ್ಲಿ ‘ಆದರೆ’ ಎಂದು ನಿಂತಿದೆ. ‘ಮಳೆಯಾದರೆ ಬಿತ್ತುತ್ತೇವೆ’ ಎಂಬಲ್ಲಿ ಅದು ಷರತ್ತನ್ನು ಹೇಳುತ್ತದೆ. ‘ಮಳೆಯಾಯಿತು, ಆದರೆ ಬಿತ್ತಲಿಲ್ಲ’ ಎಂಬಲ್ಲಿ ವಿರೋಧವನ್ನು ಹೇಳುತ್ತದೆ. ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ಒಂದೆಡೆ ‘ಇಫ್’, ಇನ್ನೊಂದೆಡೆ ‘ಬಟ್’ ಬೇಕಾಗುತ್ತದೆ. ಈ ‘ಆದರೆ’ಗೆ ‘ಊ’ ಎಂಬ ಒಂದೇ ಅಕ್ಷರವನ್ನು ಸೇರಿಸಿದರೆ ‘ಆದರೂ’ ಆಯಿತು. ‘ಬಂದರೆ’ಯು ‘ಬಂದರೂ’ ಆಯಿತು. ‘ಮಳೆ ಬಂದರೆ ಕೆರೆ ತುಂಬುತ್ತದೆ’, ‘ಮಳೆ ಬಂದರೂ ಕೆರೆ ತುಂಬಲಿಲ್ಲ’. ಇಂಗ್ಲಿಷಿನವನು ವಾಕ್ಯದ ತಲೆಯಲ್ಲಿ ಒಂದು ಪ್ರತ್ಯೇಕ ಪದವನ್ನಿಟ್ಟು ಸಾಧಿಸುವುದನ್ನು ಕನ್ನಡಿಗನು ಕ್ರಿಯಾಪದದ ಬಾಲದಲ್ಲಿ ಒಂದು ಸ್ವರವನ್ನಿಟ್ಟು ಸಾಧಿಸುತ್ತಾನೆ. ಹೊಯ್ಸಳರ ಕಾಲದ ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿ ಪ್ರತ್ಯಯಗಳ ಮಹಿಮೆಯನ್ನು ಅಷ್ಟು ಎಚ್ಚರದಿಂದ ನಿರೂಪಿಸಿದುದು ವ್ಯರ್ಥವಲ್ಲ.

ಇಲ್ಲಿಯೇ ನಮ್ಮ ಮಕ್ಕಳ ಒಂದು ಪ್ರಸಿದ್ಧ ತಪ್ಪಿನ ಬೇರು ಇದೆ. ‘ಆಲ್‌ದೋ’ ಎಂದು ಆರಂಭಿಸಿದ ವಾಕ್ಯದ ನಡುವೆ ಮತ್ತೆ ‘ಬಟ್’ ಎಂದು ಬರೆಯುವುದು ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ದೋಷ. ಅಜಾಗರೂಕತೆ ಎಂದು ಕೆಂಪು ಗೆರೆ ಎಳೆದುಬಿಟ್ಟರೆ ಸಾಲದು. ಕನ್ನಡದಲ್ಲಿ ನಾವು ‘ಮಳೆಯೇನೋ ಬಂದಿತು, ಆದರೆ ಕೆರೆ ತುಂಬಲಿಲ್ಲ’ ಎನ್ನುತ್ತೇವೆ. ಇಲ್ಲಿ ‘ಏನೋ’ ಎಂಬುದು ಮೊದಲ ಮಾತಿನಲ್ಲಿಯೇ ವಿರೋಧದ ಸೂಚನೆ ಕೊಡುತ್ತದೆ. ‘ಆದರೆ’ ಎಂಬುದು ಎರಡನೆಯ ಮಾತಿನಲ್ಲಿ ಅದನ್ನು ಪೂರೈಸುತ್ತದೆ. ಬಾಗಿಲಿಗೆ ಎರಡು ಅಗುಳಿ ಇದ್ದಂತೆ. ಹುಡುಗನು ‘ಏನೋ’ ಎಂಬುದಕ್ಕೆ ‘ಆಲ್‌ದೋ’ವನ್ನೂ ‘ಆದರೆ’ಗೆ ‘ಬಟ್’ ಎಂಬುದನ್ನೂ ಹಾಕಿ, ತನ್ನ ನುಡಿಯ ನ್ಯಾಯಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದಾನೆ. ಇಂಗ್ಲಿಷಿನ ಬಾಗಿಲಿಗೆ ಒಂದೇ ಅಗುಳಿ ಎಂಬುದನ್ನು ಆತನಿಗೆ ಹೇಳಬೇಕು. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ‘ದೋ’ ಎಂದು ಆರಂಭವಾದ ವಾಕ್ಯದ ಎರಡನೆಯ ಭಾಗಕ್ಕೆ ‘ಯೆಟ್’ ಎಂಬ ಪದ ಬರುವುದುಂಟು. ಅದು ಶಿಷ್ಟಪ್ರಯೋಗವೇ, ಆದರೆ ಇಂದಿನ ಬರವಣಿಗೆಯಲ್ಲಿ ಅಪರೂಪ. ‘ಬಟ್’ ಎಂಬುದಕ್ಕೆ ಮಾತ್ರ ಅಲ್ಲಿ ಸ್ಥಳವಿಲ್ಲ.

‘ಬಟ್’ ಎಂಬ ಪದದ ಹುಟ್ಟನ್ನು ನೋಡಿದರೆ ಒಂದು ಸ್ವಾರಸ್ಯ ದೊರೆಯುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿ ಅದರ ರೂಪ ‘ಬೂಟನ್’, ಅರ್ಥ ‘ಹೊರಗೆ’. ನಮ್ಮಲ್ಲಿಯೂ ‘ಹೊರ’ ಎಂಬುದರಿಂದ ‘ಹೊರತು’ ಬಂದಿದೆ. ‘ನಾನು ಕೇಳಿದ್ದು ಹಾಲನ್ನೇ ಹೊರತು ಮಜ್ಜಿಗೆಯನ್ನಲ್ಲ’ ಎಂದಾಗ ಮಜ್ಜಿಗೆಯನ್ನು ಹೊರಗಿಟ್ಟೆವು. ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳು ವಿರೋಧವನ್ನು ಒಂದೇ ಚಿತ್ರದಿಂದ ಕಂಡಿರುವುದು ಆಶ್ಚರ್ಯಕರ. ‘ನಾಟ್ ಓನ್ಲಿ’ ಎಂದು ತೊಡಗಿ ‘ಬಟ್ ಆಲ್ಸೋ’ ಎಂದು ಮುಗಿಯುವ ಜೋಡಿಯಲ್ಲಿ ‘ಬಟ್’ ಇದ್ದರೂ ವಿರೋಧವಿಲ್ಲ, ಸೇರ್ಪಡೆಯಿದೆ. ‘ಅಷ್ಟೇ ಅಲ್ಲದೆ’ ಎಂದರೆ ಸಾಕು.

ಪದವೇ ಇಲ್ಲದೆ ವಿರೋಧವನ್ನು ಮೂಡಿಸುವ ಶಕ್ತಿ ಕನ್ನಡಕ್ಕೆ ಎಷ್ಟಿದೆಯೆಂಬುದಕ್ಕೆ ವಚನಗಳಿಗಿಂತ ಬೇರೆ ನಿದರ್ಶನ ಬೇಡ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ವಚನವನ್ನು ನಮ್ಮ ಶಾಲೆಯ ಮಕ್ಕಳು ಬಾಯಿಪಾಠವಾಗಿ ಬಲ್ಲರು. ಅದರ ಕೊನೆಯಲ್ಲಿ ಸ್ಥಾವರವನ್ನೂ ಜಂಗಮವನ್ನೂ ಎದುರುಬದುರು ನಿಲ್ಲಿಸಿದ್ದಾರೆ. ಎರಡೂ ಚಿಕ್ಕ ವಾಕ್ಯಗಳು, ಒಂದೇ ಕಟ್ಟಡದವು, ಒಂದು ‘ಉಂಟು’ ಎಂದು ಮುಗಿದರೆ ಇನ್ನೊಂದು ‘ಇಲ್ಲ’ ಎಂದು ಮುಗಿಯುತ್ತದೆ. ನಡುವೆ ‘ಆದರೆ’ ಎಂಬುದಿಲ್ಲ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ ‘ಸ್ಪೀಕಿಂಗ್ ಆಫ್ ಶಿವ’ ಎಂಬ ತಮ್ಮ ಅನುವಾದ ಗ್ರಂಥದಲ್ಲಿ ಈ ಸ್ಥಳಕ್ಕೆ ಬಂದಾಗ ಎರಡರ ನಡುವೆ ‘ಬಟ್’ ಎಂಬ ಪದವನ್ನು ಇಟ್ಟಿದ್ದಾರೆ. ಇದು ದೋಷವೆಂದು ನಾನು ಹೇಳಲಾರೆ. ‘ಉಂಟು’, ‘ಇಲ್ಲ’ ಎಂಬಂತೆ ವಾಕ್ಯದ ಕಟ್ಟಕಡೆಯಲ್ಲಿ ನಿಂತು ತಟ್ಟನೆ ಎದುರಾಗುವ ಜೋಡಿ ಇಂಗ್ಲಿಷಿನಲ್ಲಿ ಇಲ್ಲದಿರುವುದರಿಂದ, ಅಲ್ಲಿ ವಿರೋಧವನ್ನು ಹೊರಲು ಒಂದು ಪದ ಬೇಕಾಯಿತು. ಅದೇ ವಚನದ ಆರಂಭದಲ್ಲಿ ಉಳ್ಳವರಿಗೂ ಬಡವನಿಗೂ ಇರುವ ಅಂತರವನ್ನು ಅವರು ಯಾವ ಜೋಡಣೆಯ ಪದವನ್ನೂ ಹಾಕದೆ ಎರಡು ಬೇರೆ ವಾಕ್ಯಗಳಾಗಿಯೇ ಉಳಿಸಿದ್ದಾರೆ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕವೇ ಅನುವಾದಕನ ವಿದ್ಯೆ. ಮೇಲಿನ ತರಗತಿಗಳ ಅಧ್ಯಾಪಕರು ಮೂಲವನ್ನೂ ಅನುವಾದವನ್ನೂ ಜೊತೆಯಲ್ಲಿಟ್ಟು ಪಾಠ ಮಾಡಿದರೆ ಹತ್ತು ನಿಯಮಗಳು ಕಲಿಸದುದನ್ನು ಆ ಒಂದು ಪುಟ ಕಲಿಸೀತು.

ಉಳಿದ ಪದಗಳನ್ನು ಸಂಕ್ಷೇಪವಾಗಿ ನೋಡಬಹುದು. ಯಾವ ಪಕ್ಷವನ್ನೂ ಹಿಡಿಯದೆ ಎರಡನ್ನು ಸಮನಾಗಿ ತೂಗುವಾಗ ‘ವೇರ್‌ಆ್ಯಸ್’ ಬರುತ್ತದೆ. ಅರಸೀಕೆರೆಯದು ತೆಂಗಿನ ಬಯಲುಸೀಮೆ, ಬೇಲೂರಿನ ಪಡುವಣ ಭಾಗದ್ದು ಕಾಫಿಯ ಮಲೆನಾಡು. ಬೇಲೂರಿನ ಚೆನ್ನಕೇಶವ ದೇವಾಲಯ ಏಕಕೂಟ, ಹಳೇಬೀಡಿನ ಹೊಯ್ಸಳೇಶ್ವರ ದ್ವಿಕೂಟ. ಇಂಥ ಮಾತುಗಳಿಗೆ ಅದು ಯೋಗ್ಯ. ಕ್ರಯಪತ್ರ, ದಾನಪತ್ರಗಳ ಮೊದಲಲ್ಲಿ ದೊಡ್ಡಕ್ಷರದಲ್ಲಿ ಕಾಣುವ ಅದೇ ಪದಕ್ಕೆ ವಿರೋಧದ ಅರ್ಥವೇ ಇಲ್ಲ. ಅಲ್ಲಿ ‘ಹೀಗಿರುವಲ್ಲಿ’ ಎಂದು ತಾತ್ಪರ್ಯ. ಮಹಾದಾನಿಗಳು ರುಜು ಮಾಡುವ ಮುನ್ನ ಇದನ್ನು ನೆನೆಯಬಹುದು!

‘ಆನ್ ದಿ ಅದರ್ ಹ್ಯಾಂಡ್’, ‘ಆನ್ ದಿ ಕಾಂಟ್ರರಿ’ ಇವೆರಡಕ್ಕೂ ನಮ್ಮ ಮಕ್ಕಳು ‘ತದ್ವಿರುದ್ಧವಾಗಿ’ ಎಂಬ ಒಂದೇ ಅರ್ಥವನ್ನು ಬರೆದುಕೊಂಡು ಕಂಗೆಡುತ್ತಾರೆ. ಕಾಫಿಯ ಬೆಲೆ ಏರಿತು, ಇನ್ನೊಂದು ಕಡೆ ಕೂಲಿಯ ವೆಚ್ಚವೂ ಏರಿತು ಎನ್ನುವಲ್ಲಿ ಮೊದಲನೆಯದು ಸಲ್ಲುತ್ತದೆ. ಎರಡು ಮಾತೂ ನಿಜ. ಯಗಚಿ ಬತ್ತಲಿಲ್ಲ, ಬತ್ತುವುದಿರಲಿ, ದಡ ಮೀರಿ ಹರಿಯಿತು ಎನ್ನುವಲ್ಲಿ ಎರಡನೆಯದು. ಅಲ್ಲಿ ಒಂದನ್ನು ಅಲ್ಲಗಳೆದು ಅದರ ಎದುರಿನದನ್ನು ಸ್ಥಾಪಿಸಿದೆ. ಮೊದಲನೆಯದರ ನೆರಳಿನಲ್ಲಿ ‘ಮತ್ತೊಂದೆಡೆ’ ಎಂಬುದು ಕನ್ನಡ ಪತ್ರಿಕೆಗಳಲ್ಲಿ ಹೇರಳವಾಗಿ ಬಳಕೆಯಾಗುತ್ತಿದೆ. ‘ಒಂದು ಕಡೆ ಮದುವೆ, ಒಂದು ಕಡೆ ಸೂತಕ’ ಎಂಬುದು ನಮ್ಮ ಜನರ ಮಾತೇ. ಮೊದಲಿನ ಎಡೆಯನ್ನೇ ತೋರಿಸದೆ ಮತ್ತೊಂದೆಡೆಗೆ ಹಾರುವುದು ಮಾತ್ರ ನನಗೆ ಸಮ್ಮತವಲ್ಲ.

ಕೊನೆಯದು ‘ಹೌಎವರ್’. ಅರ್ಥದಲ್ಲಿ ಇದು ‘ಬಟ್’ನ ಸಮೀಪದ್ದೇ, ಸರ್ಕಾರಿ ಪತ್ರಗಳ ‘ಆದಾಗ್ಯೂ’ ಇದಕ್ಕೆ ಹೊಂದುತ್ತದೆ. ಆದರೆ ಇದಕ್ಕೆ ಎರಡು ವಾಕ್ಯಗಳನ್ನು ಬೆಸೆಯುವ ಅಧಿಕಾರವಿಲ್ಲ. ಇದರ ಹಿಂದೆ ಪೂರ್ಣವಿರಾಮವೋ ಅರ್ಧವಿರಾಮವೋ ಇರಲೇಬೇಕು, ಮುಂದೆ ಅಲ್ಪವಿರಾಮವಿರಬೇಕು. ಬರಿಯ ಅಲ್ಪವಿರಾಮದಿಂದ ಎರಡು ವಾಕ್ಯಗಳನ್ನು ಇದಕ್ಕೆ ತೂಗುಹಾಕುವುದು ಪದವೀಧರರ ಪತ್ರಗಳಲ್ಲಿಯೂ ಕಾಣುವ ದೋಷ. ಒಂಬತ್ತು, ಹತ್ತನೆಯ ತರಗತಿಗಳಿಗೆ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ‘ಮಳೆ ಬಂದಿತು. ಕೆರೆ ತುಂಬಲಿಲ್ಲ.’ ಎಂಬ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆದು, ‘ಬಟ್’, ‘ಆಲ್‌ದೋ’, ‘ಹೌಎವರ್’ ಮೂರರಿಂದಲೂ ಇಂಗ್ಲಿಷಿನಲ್ಲಿ ಜೋಡಿಸಲು ಹೇಳಬೇಕು. ಅನಂತರ ಪುಸ್ತಕ ಮುಚ್ಚಿಸಿ, ಆ ಮೂರನ್ನೂ ಕನ್ನಡಕ್ಕೆ ತರಲು ಹೇಳಬೇಕು. ‘ಆದರೆ’ ಎಷ್ಟು ಮಂದಿ ಬರೆದರು, ‘ಬಂದರೂ’ ಎಷ್ಟು ಮಂದಿ, ಏನೂ ಹಾಕದೆ ಬಿಟ್ಟವರು ಎಷ್ಟು ಮಂದಿ ಎಂದು ತರಗತಿಯಲ್ಲಿಯೇ ಕೈಯೆತ್ತಿಸಿ ಎಣಿಸಬಹುದು.