ನಾಲ್ಕು ಚಕ್ರ ಚಾಲನೆಯ ಜೀಪು: ಕೈಗೆಟುಕದ ಕೀಲುಗಳಿಗೆ ಗ್ರೀಸ್



ಹಳ್ಳ ದಾಟಿ, ಕೆಸರು ತುಳಿದು ಓಡುವ ಜೀಪಿನ ದುರಸ್ತಿ ಬಿಲ್ಲಿನಲ್ಲಿ ‘ಕ್ರಾಸ್ ಬದಲಾವಣೆ’ ಎಂಬ ಬಾಬು ಮತ್ತೆ ಮತ್ತೆ ಕಾಣಿಸಿಕೊಂಡರೆ, ಅನುಮೋದನೆಗೆ ಮುನ್ನ ಒಂದು ಪ್ರಶ್ನೆ ಕೇಳತಕ್ಕದ್ದು: ವಾಹನದ ಶಾಫ್ಟುಗಳಲ್ಲಿ ಒಟ್ಟು ಎಷ್ಟು ನಿಪ್ಪಲುಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಗ್ರೀಸ್ ಹಾಕಲಾಗಿದೆ?

ಇಂಜಿನ್ನಿನ ಬಲವು ಗೇರ್ ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸಿಗೆ ಬಂದು, ಅಲ್ಲಿಂದ ಎರಡು ಪ್ರೊಪೆಲ್ಲರ್ ಶಾಫ್ಟುಗಳ ಮೂಲಕ ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳಿಗೆ ಸಾಗುತ್ತದೆ. ಪ್ರತಿ ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದು ಕ್ರಾಸ್ ಇರುತ್ತದೆ. ಅದರ ನಾಲ್ಕು ತೋಳುಗಳ ಮೇಲೆ ಕೂತ ಬಟ್ಟಲುಗಳೊಳಗೆ ಸೂಜಿಯಂತಹ ಸಣ್ಣ ಬೇರಿಂಗುಗಳಿರುತ್ತವೆ. ಪ್ಲೇಟುಗಳು ಕುಣಿದಂತೆ ಉದ್ದ ಹೆಚ್ಚು ಕಡಿಮೆಯಾಗಲೆಂದು ಶಾಫ್ಟಿನಲ್ಲಿ ಜಾರುವ ಜೋಡಣೆಯೊಂದು ಇದೆ. ಹಳೆಯ ಮಾದರಿಯ ಜೀಪಿನಲ್ಲಿ ಸಾಮಾನ್ಯವಾಗಿ ಹೀಗೆ ಒಟ್ಟು 6 ನಿಪ್ಪಲುಗಳು. ಹಿಂಬದಿಯವು ಸುಲಭವಾಗಿ ಸಿಗುತ್ತವೆ. ಮುಂದಿನ ಶಾಫ್ಟು ಟ್ರಾನ್ಸ್‌ಫರ್ ಕೇಸಿಗೆ ಸೇರುವಲ್ಲಿ ಚಾಸಿಯ ಅಡ್ಡಪಟ್ಟಿ, ಸೈಲೆನ್ಸರ್ ಕೊಳವೆಗಳ ನಡುವೆ ಗನ್ನಿನ ಬಾಯಿ ಹೋಗುವುದಿಲ್ಲ. ಬಿಟ್ಟುಹೋಗುವುದೂ ಅದೇ.

ಒಣಗಿದ ಬೇರಿಂಗು ತುಕ್ಕು ಹಿಡಿಯುತ್ತದೆ. ಬಟ್ಟಲಿನ ಸುತ್ತ ಕೆಂಪು ಪುಡಿ, ಮುಂದಿನಿಂದ ರಿವರ್ಸ್ ಗೇರಿಗೆ ಬದಲಾಯಿಸುವಾಗ ‘ಟಕ್’ ಎಂಬ ಸದ್ದು, ವೇಗದಲ್ಲಿ ನಡುಕ ಇವು ಅದರ ಲಕ್ಷಣಗಳು. ಹಿಂದಿನ ಶಾಫ್ಟಿನ ಮುಂತುದಿಯ ಕ್ರಾಸ್ ಓಟದಲ್ಲಿ ಮುರಿದರೆ, ಶಾಫ್ಟು ಕೆಳಗೆ ಬಿದ್ದು ರಸ್ತೆಗೆ ನಾಟಬಹುದು. ಒಳಗೆ ಕುಳಿತವರ ಜೀವಕ್ಕೇ ಅಪಾಯ.

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟ ನಂತರವೇ ಅಡಿಗೆ ಹೋಗಬೇಕು. ಬರೀ ಜ್ಯಾಕಿನ ಆಧಾರದಲ್ಲಿ ಅಡಿಗೆ ನುಸುಳುವುದು ಸಲ್ಲದು. ಕಷ್ಟದ ನಿಪ್ಪಲಿಗೆ ಅರ್ಧ ಉಪಾಯ ಶಾಫ್ಟನ್ನು ತಿರುಗಿಸುವುದರಲ್ಲೇ ಇದೆ. ಮುಂಚಕ್ರದ ಹಬ್ಬುಗಳನ್ನು ‘ಫ್ರೀ’ ಮಾಡಿ, ಟ್ರಾನ್ಸ್‌ಫರ್ ಕೇಸನ್ನು ಎರಡು ಚಕ್ರದ ಚಾಲನೆಗೆ ಇಟ್ಟರೆ ಮುಂದಿನ ಶಾಫ್ಟು ಕೈಯಿಂದಲೇ ತಿರುಗುತ್ತದೆ. ಅಂತಹ ಹಬ್ಬುಗಳಿಲ್ಲದಿದ್ದರೆ ನ್ಯೂಟ್ರಲ್‌ನಲ್ಲಿ ವಾಹನವನ್ನು ಒಂದೆರಡು ಅಡಿ ತಳ್ಳಿದರೆ ಸಾಕು, ಏಕೆಂದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟು ಸುಮಾರು 4 ಸುತ್ತು ತಿರುಗುತ್ತದೆ. ತಳ್ಳುವಾಗ ಅಡಿಯಲ್ಲಿ ಯಾರೂ ಇರಕೂಡದು. ಆಗಲೂ ಎಟುಕದಿದ್ದರೆ ಬಾಗುವ ಹೋಸ್ ಅಥವಾ ಸೂಜಿಮೂತಿಯ ತುದಿಯನ್ನು ಗನ್ನಿಗೆ ಜೋಡಿಸಬಹುದು. ಒಂದು ಕ್ರಾಸ್ ಬದಲಾಯಿಸುವ ಖರ್ಚಿನ ಮುಂದೆ ಇವು ದುಬಾರಿಯಲ್ಲ.

ನಿಪ್ಪಲಿನ ಮೇಲಿನ ಮಣ್ಣನ್ನು ಮೊದಲು ಒರೆಸದಿದ್ದರೆ ಗ್ರೀಸಿನೊಡನೆ ಮರಳನ್ನೂ ಒಳಗೆ ತಳ್ಳಿದಂತಾಗುತ್ತದೆ. ಕೈಪಿಡಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಲೀಥಿಯಂ ಆಧಾರಿತ, ಎನ್.ಎಲ್.ಜಿ.ಐ. 2 ದರ್ಜೆಯ ಗ್ರೀಸ್ ಸೂಕ್ತ. ಕ್ರಾಸಿನ ನಾಲ್ಕೂ ಬಟ್ಟಲುಗಳ ಅಂಚಿನಿಂದ ಹಳೆಯ ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ನಿಧಾನವಾಗಿ ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಬಟ್ಟಲು ಒಣಗಿಯೇ ಇದೆ ಎಂದರ್ಥ. ಜಾರುವ ಜೋಡಣೆಗೆ ಮಾತ್ರ ಮಿತವಾಗಿರಲಿ: ವಿಪರೀತ ತುಂಬಿದರೆ ಅದು ಒಳಕ್ಕೆ ಸರಿಯಲಾರದು.

ನೀರು ದಾಟಿದ ದಿನವೇ ಗ್ರೀಸ್ ಹಾಕುವುದು ಒಳ್ಳೆಯದು. ಲಾಗ್ ಪುಸ್ತಕದಲ್ಲಿ ಚಾಲಕರು ‘ಸರ್ವಿಸ್ ಆಯಿತು’ ಎಂದಷ್ಟೇ ಬರೆಯದೆ, 6ರಲ್ಲಿ ಎಷ್ಟು ನಿಪ್ಪಲಿಗೆ ಗ್ರೀಸ್ ಹೋಯಿತು, ಯಾವುದು ಹಿಡಿಯಲಿಲ್ಲ ಎಂಬುದನ್ನು ನಮೂದಿಸಲಿ. ಹೊಸ ವಾಹನಗಳಲ್ಲಿ ನಿಪ್ಪಲಿಲ್ಲದ, ಮುಚ್ಚಿದ ಕ್ರಾಸುಗಳೂ ಇರುವುದರಿಂದ ಎಣಿಕೆಯನ್ನು ಆಯಾ ವಾಹನ ನೋಡಿಯೇ ನಿಗದಿಪಡಿಸಬೇಕು.