6ಜಿ ಟೆಸ್ಟಿಗೆ ಕೂರುವ ಟಿಗ್ ವೆಲ್ಡರುಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಎರಡು ಇಂಚಿನ ಕಾರ್ಬನ್ ಸ್ಟೀಲ್ ಪೈಪನ್ನು ಪೂರ್ತಿ ಟಿಗ್‌ನಲ್ಲಿ, ಅಂದರೆ ಶೆಡ್ಡುಗಳಲ್ಲಿ ಆರ್ಗಾನ್ ಎನ್ನುತ್ತೇವಲ್ಲ ಅದರಲ್ಲಿ, 6ಜಿ ಪೊಸಿಷನ್ನಿನಲ್ಲಿ ಕಟ್ಟಿ ತೋರಿಸಬೇಕಾದವರಿಗೆ ಈ ಸೂಚನೆ. ಬರುವವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಟಾರ್ಚ್ ಹಿಡಿದವರೇ. ಆದರೂ ಫೇಲಾಗುತ್ತಾರೆ, ಅದೂ ರೂಟಿನಲ್ಲಿ. ಕ್ಯಾಪ್ ಫೋನಿನಲ್ಲಿ ಫೋಟೊ ತೆಗೆಯಲು ಚೆನ್ನ. ಇನ್‌ಸ್ಪೆಕ್ಟರ್ ಮಾತ್ರ ಬ್ಯಾಟರಿ ಬಿಟ್ಟು ಪೈಪಿನ ಒಳಗೆ ನೋಡುತ್ತಾರೆ. ಆದ್ದರಿಂದ ಇಲ್ಲಿ ರೂಟಿಗೇ ಹೆಚ್ಚು ಜಾಗ ಕೊಟ್ಟಿದೆ.

ಟೆಸ್ಟಿಗೆ ಮೊದಲು

ಡಬ್ಲ್ಯುಪಿಎಸ್ ಹಾಳೆಯನ್ನು ಕೇಳಿ ಪಡೆದು ಓದಿ. ವೈರ್ ಯಾವುದು, ಗ್ಯಾಪ್ ಎಷ್ಟು, ಆಂಪಿಯರ್ ಎಲ್ಲಿಂದ ಎಲ್ಲಿಯವರೆಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಈ ಸೂಚನೆಯಲ್ಲಿರುವ ಅಂಕಿಗೂ ಡಬ್ಲ್ಯುಪಿಎಸ್‌ಗೂ ತಾಳೆಯಾಗದಿದ್ದರೆ ಡಬ್ಲ್ಯುಪಿಎಸ್ ಹೇಳಿದ್ದನ್ನೇ ಮಾಡಿ.

ಯಾವ ತುಂಡಿನ ಮೇಲೆ ಟೆಸ್ಟ್ ಎಂದು ಮೊದಲೇ ವಿಚಾರಿಸಿ. ಎಎಸ್‌ಎಂಇ ಸೆಕ್ಷನ್ 9ರ ಪ್ರಕಾರ, 60.3 ಮಿ.ಮೀ. ಹೊರವ್ಯಾಸವಿರುವ ಎರಡು ಇಂಚಿನ ಪೈಪಿನಲ್ಲಿ ಪಾಸಾದವರು 25 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಹೊರವ್ಯಾಸದ ಪೈಪುಗಳನ್ನು ಕಟ್ಟಬಹುದು. ದಪ್ಪದ ಮಿತಿ ನೀವು ಹಾಕಿದ ವೆಲ್ಡಿನ ಎರಡು ಪಟ್ಟು. ಶೆಡ್ಯೂಲ್ 80ರ ಗೋಡೆ 5.54 ಮಿ.ಮೀ., ಹಾಗಾಗಿ 11.08 ಮಿ.ಮೀ. ತನಕ. ಮಿತಿಯೇ ಬೇಡವೆನ್ನುವವರು 13 ಮಿ.ಮೀ. ಅಥವಾ ಹೆಚ್ಚಿನ ದಪ್ಪವನ್ನು ಕನಿಷ್ಠ ಮೂರು ಪದರದಲ್ಲಿ ತುಂಬಿ ತೋರಿಸಬೇಕು. ಬಾಯ್ಲರ್ ಕೆಲಸದ ಐಬಿಆರ್ ಸರ್ಟಿಫಿಕೇಟ್ ಬೇರೆಯದು. ಇದನ್ನು ತೋರಿಸಿ ಅದನ್ನು ಕೇಳಬೇಡಿ.

ಅಭ್ಯಾಸಕ್ಕೆ ಪೈಪನ್ನು ಟೇಬಲ್ ಮೇಲೆ ಉರುಳಿಸಿಕೊಂಡು ವೆಲ್ಡ್ ಮಾಡಬೇಡಿ. ಅದರಿಂದ 6ಜಿ ಬರುವುದಿಲ್ಲ. ಸ್ಟ್ಯಾಂಡಿಗೆ 45 ಡಿಗ್ರಿಯಲ್ಲಿ ಬಿಗಿದು, ಟೆಸ್ಟಿನಲ್ಲಿ ಇರುವ ಎತ್ತರದಲ್ಲೇ ಕಟ್ಟಿ. ಪ್ರತಿ ಅಭ್ಯಾಸದ ತುಂಡನ್ನೂ ಉದ್ದಕ್ಕೆ ಸೀಳಿ ಒಳಗಿನ ರೂಟ್ ನೋಡಿ. ಪಟ್ಟಿ ಕತ್ತರಿಸಿ ವೈಸ್‌ನಲ್ಲಿ ರೂಟ್ ಹೊರಮೈಗೆ ಬರುವಂತೆ ಬಗ್ಗಿಸಿ. ಸೀಳಿ ನೋಡದ ತುಂಡು ಎಷ್ಟು ಕಟ್ಟಿದರೂ ಕೈಗೆ ಏನೂ ಕಲಿಸುವುದಿಲ್ಲ.

ಫಿಟ್‌ಅಪ್

ಬೆವೆಲ್ ಸಾಮಾನ್ಯವಾಗಿ ಒಂದು ಕಡೆಗೆ 37.5 ಡಿಗ್ರಿ. ಅಂಚಿನಿಂದ 25 ಮಿ.ಮೀ. ತನಕ ಪೈಪಿನ ಒಳಗೂ ಹೊರಗೂ ಹೊಳಪು ಬರುವಷ್ಟು ಉಜ್ಜಿ. ಹೊರಗೆ ಹೊಳೆಯುತ್ತಿದ್ದು ಒಳಗೆ ಕಪ್ಪು ಪೊರೆ ಹಾಗೇ ಉಳಿದಿದ್ದರೆ ಆ ಕೊಳೆ ರೂಟಿಗೇ ಸೇರುತ್ತದೆ. ಫಿಲ್ಲರ್ ವೈರನ್ನೂ ಅಸಿಟೋನ್ ಬಟ್ಟೆಯಿಂದ ಒರೆಸಿ. ಎಣ್ಣೆಗೈಯ ಗ್ಲೌಸಿನಲ್ಲಿ ವೈರ್ ಮುಟ್ಟಬೇಡಿ. ಬ್ರೇಕ್ ಕ್ಲೀನರಿನಂಥ ಕ್ಲೋರಿನ್ ಇರುವ ದ್ರಾವಣವನ್ನು ಬೇಯೊಳಗೆ ತರಲೇಬೇಡಿ. ಆರ್ಕಿನ ಶಾಖಕ್ಕೆ ಅದರಿಂದ ಫಾಸ್ಜಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಅಸಿಟೋನ್ ಪೂರ್ತಿ ಆರಿದ ಮೇಲೆಯೇ ಆರ್ಕ್ ಹೊಡೆಯಿರಿ.

ಗ್ಯಾಪನ್ನು ಕಣ್ಣಳತೆಯಲ್ಲಿ ಇಡಬೇಡಿ. 2.4 ಮಿ.ಮೀ. ವೈರನ್ನು ಗ್ರೂವಿನಲ್ಲಿ ಮಲಗಿಸಿ ಅದರ ಮೇಲೆ ಟಾರ್ಚ್ ಓಡಿಸುವವರಿಗೆ ಗ್ಯಾಪ್ ವೈರಿನ ದಪ್ಪದಷ್ಟೇ ಇರಲಿ, ಒಂದು ಕೂದಲು ಕಡಿಮೆಯಾದರೂ ಸರಿ. ವೈರನ್ನು ಗ್ಯಾಪಿನೊಳಗೆ ತೂರಿಸಿ ಕೊಡುವವರಿಗೆ 3 ಮಿ.ಮೀ. ಮೀರಬೇಕು. ಎರಡರಲ್ಲಿ ಯಾವುದು ನಿಮ್ಮ ಕೈಗೆ ಒಗ್ಗಿದೆಯೋ ಅದಕ್ಕೆ ಗ್ಯಾಪ್ ಹೊಂದಿಸಿ. ಪಕ್ಕದ ಬೇಯವನ ಗ್ಯಾಪ್ ನೋಡಿ ನಿಮ್ಮದನ್ನು ಬದಲಿಸಬೇಡಿ. ಟ್ಯಾಕ್ ಹಾಕಿದ ಮೇಲೆ ಪೈಪ್ ಎಳೆದುಕೊಳ್ಳುವುದರಿಂದ ನಾಲ್ಕೂ ಕಡೆ ಮತ್ತೆ ಅಳೆಯಿರಿ. ಒಳಗೆ ಬೆರಳಾಡಿಸಿ ಎರಡು ಪೈಪುಗಳ ಅಂಚು ಏರುಪೇರಾಗಿದೆಯೇ ನೋಡಿ. ಮೆಟ್ಟಿಲು ಸಿಕ್ಕರೆ ಟ್ಯಾಕ್ ಒಡೆದು ಮತ್ತೆ ಕೂರಿಸಿ. ಫಿಟ್‌ಅಪ್‌ಗೆ ಅರ್ಧ ಗಂಟೆ ಹಿಡಿದರೂ ಅದು ವ್ಯರ್ಥವಲ್ಲ. ಗೊಣಗುವ ಸೂಪರ್‌ವೈಸರನ್ನು ಗೊಣಗಲು ಬಿಡಿ.

ಪ್ರತಿ ಟ್ಯಾಕಿನ ಎರಡೂ ತುದಿಯನ್ನು ಇಳಿಜಾರಾಗಿ ತೆಳ್ಳಗೆ ಗ್ರೈಂಡ್ ಮಾಡಿ. ರೂಟ್ ಬಂದು ಟ್ಯಾಕಿಗೆ ಕೂಡುವಾಗ ದಪ್ಪ ತುದಿ ಕರಗದೆ ಒಳಗೆ ಸೀಳು ಉಳಿದುಬಿಡುತ್ತದೆ.

ಟಂಗ್‌ಸ್ಟನ್, ಗ್ಯಾಸ್, ಮಿಷನ್

ಟಾರ್ಚ್ ನೆಗೆಟಿವ್, ಡಿಸಿ. ಟಂಗ್‌ಸ್ಟನ್ನನ್ನು ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಗೀರುಗಳ ಮೇಲೆ ಆರ್ಕ್ ಅಲೆದಾಡುತ್ತದೆ. ಮೊನೆಯ ಉದ್ದ ವ್ಯಾಸದ ಎರಡರಿಂದ ಎರಡೂವರೆ ಪಟ್ಟು ಇರಲಿ. ಕಡ್ಡಿಯ ತುದಿಗೆ ಕೆಂಪು ಬಣ್ಣವಿದ್ದರೆ ಅದರಲ್ಲಿ ಥೋರಿಯಂ ಇದೆ ಎಂದರ್ಥ. ಅದರ ಧೂಳು ವಿಕಿರಣ ಸೂಸುವುದರಿಂದ ಮಾಸ್ಕ್ ಇಲ್ಲದೆ ಉಜ್ಜಬೇಡಿ. ಟಂಗ್‌ಸ್ಟನ್ನಿಗೆಂದೇ ಬೇರೆ ಗ್ರೈಂಡಿಂಗ್ ವೀಲ್ ಇಡಿ. ಉಜ್ಜಿದ ಕಡ್ಡಿ ನಾಲ್ಕೈದು ಕಿಸೆಯಲ್ಲಿರಲಿ. ಮೊನೆ ವೆಲ್ಡಿಗೆ ತಗುಲಿದರೆ ಅದರಲ್ಲೇ ಮುಂದುವರಿಸಬೇಡಿ. ನಿಲ್ಲಿಸಿ, ತಗುಲಿದ ಜಾಗವನ್ನು ಗ್ರೈಂಡ್ ಮಾಡಿ ತೆಗೆದು, ಕಡ್ಡಿ ಬದಲಿಸಿ. ಒಳಗೆ ಸಿಕ್ಕಿಬಿದ್ದ ಟಂಗ್‌ಸ್ಟನ್ ಚೂರು ಎಕ್ಸ್‌ರೇ ಫಿಲ್ಮಿನಲ್ಲಿ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ.

ಆರ್ಗಾನ್ ನಿಮಿಷಕ್ಕೆ 8ರಿಂದ 12 ಲೀಟರ್ ಸಾಕು. ಹೆಚ್ಚು ಬಿಟ್ಟಷ್ಟೂ ಒಳ್ಳೆಯದೆಂದು ರೆಗ್ಯುಲೇಟರ್ ತಿರುಗಿಸಬೇಡಿ, ವೇಗ ಮಿತಿ ಮೀರಿದ ಗ್ಯಾಸ್ ಸುಳಿಯೆದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬೇಸಿಗೆಯಾದರೂ ಬೇಯ ಕಡೆ ತಿರುಗಿದ ಫ್ಯಾನ್ ಆರಿಸಿ. ಹೋಸ್ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಸ್ಟೇನ್‌ಲೆಸ್ ಪೈಪಾದರೆ ಒಳಗಿನಿಂದಲೂ ಆರ್ಗಾನ್ ಪರ್ಜ್ ಕಡ್ಡಾಯ, ಇಲ್ಲದಿದ್ದರೆ ರೂಟ್ ಕರಿಸಕ್ಕರೆಯಂತೆ ಒಡೆದು ಏಳುತ್ತದೆ. ನಮ್ಮ ಕಾರ್ಬನ್ ಸ್ಟೀಲ್ ತುಂಡಿಗೆ ಸಾಮಾನ್ಯವಾಗಿ ಅದು ಬೇಕಿಲ್ಲ.

ರೂಟ್

ಮೊದಲು ಆರ್ಕ್ ಇಲ್ಲದೆ ಕೈ ಓಡಿಸಿ ನೋಡಿ. ಕೆಳಗಿನ 6 ಗಂಟೆಯಿಂದ ಮೇಲಿನ 12 ಗಂಟೆಯವರೆಗೆ ಮೊಣಕೈ ಎಲ್ಲಿ ತಡೆಯುತ್ತದೆ, ಕೇಬಲ್ ಎಲ್ಲಿ ಎಳೆಯುತ್ತದೆ ಎಂದು ತಿಳಿದಿರಬೇಕು. ಕೇಬಲನ್ನು ಹೆಗಲ ಮೇಲೆ ಹಾಕಿಕೊಳ್ಳಿ. ಅದರ ಭಾರ ಮಣಿಕಟ್ಟಿನ ಮೇಲೆ ಬಿದ್ದರೆ ಕೈ ನಡುಗುತ್ತದೆ.

ಆರ್ಕನ್ನು ಗ್ರೂವಿನೊಳಗೆ, ಬೆವೆಲ್ ಮೇಲೆಯೇ ಹೊಡೆಯಿರಿ. ಪೈಪಿನ ಹೊರಮೈಗೆ ತಗುಲಿದ ಒಂದು ಕಪ್ಪು ಚುಕ್ಕೆ ಸಾಕು, ಇನ್‌ಸ್ಪೆಕ್ಟರ್ ಅಲ್ಲೇ ತುಂಡನ್ನು ಪಕ್ಕಕ್ಕಿಡಬಹುದು. ಸರಿಯಾಗಿ 6 ಗಂಟೆಯಲ್ಲಿ ಶುರು ಮಾಡಬೇಡಿ. ಸ್ವಲ್ಪ ಆಚೆಯಿಂದ ಹಿಡಿದು 6 ಗಂಟೆಯನ್ನು ದಾಟಿಕೊಂಡು ಮೇಲೇರಿ. ಎರಡನೆಯ ಅರ್ಧ ಕಟ್ಟುವಾಗ ಕೂಡುವ ಜಾಗ ಪೈಪಿನ ಅಡಿಯಲ್ಲಿ ನೆಟ್ಟಗೆ ಬೀಳುವುದಿಲ್ಲ.

ಟೆಸ್ಟಿನಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಈ 6 ಗಂಟೆ. ಇಲ್ಲಿ ಕರಗಿದ ಲೋಹ ಕೆಳಗೆ, ಅಂದರೆ ನಿಮ್ಮ ಕಡೆಗೆ ಜೋತುಬೀಳುತ್ತದೆ. ಪೈಪಿನ ಒಳಗಡೆ ರೂಟ್ ತಗ್ಗಾಗುತ್ತದೆ. ಶೆಡ್ಡಿನಲ್ಲಿ ಸಕ್‌ಬ್ಯಾಕ್ ಎನ್ನುವುದು ಇದನ್ನೇ. ಹೆಚ್ಚಿನವರು ಇದಕ್ಕೆ ಆಂಪಿಯರ್ ಏರಿಸುತ್ತಾರೆ. ಏರಿಸಬೇಡಿ, ಕೊಳ ದೊಡ್ಡದಾಗಿ ಇನ್ನಷ್ಟು ಜೋಲುತ್ತದೆ. ಆರ್ಕನ್ನು ಗಿಡ್ಡ ಮಾಡಿ, ವೈರನ್ನು ಮೇಲಕ್ಕೆ, ಗ್ಯಾಪಿನ ಒಳಕ್ಕೆ ಒತ್ತಿ ಕೊಡಿ. ಲೋಹ ಒಳಮೈಯಲ್ಲಿ ಕೂರುವುದು ಆ ಒತ್ತಿನಿಂದ. 12 ಗಂಟೆಯಲ್ಲಿ ಇದರ ತದ್ವಿರುದ್ಧ: ಅಷ್ಟು ಹೊತ್ತಿಗೆ ಪೈಪ್ ಕಾದಿರುತ್ತದೆ, ಲೋಹ ತಾನಾಗಿ ಒಳಗಿಳಿಯುತ್ತದೆ, ನಿಧಾನಿಸಿದರೆ ಒಳಗೆ ಗಂಟು ಕಟ್ಟುತ್ತದೆ. ಅಲ್ಲಿ ಬೇಗ ಸಾಗಿ, ಇಲ್ಲವೇ ನಿಲ್ಲಿಸಿ ಪೈಪ್ ಆರಲು ಬಿಡಿ.

ಕಣ್ಣು ಕೊಳದ ಮುಂದಿನ ಕೀಹೋಲ್ ಮೇಲಿರಲಿ. ಎರಡೂ ಅಂಚು ಕರಗಿ ಸಣ್ಣ ಕಿಂಡಿ ತೆರೆದಿದ್ದರೆ ಮಾತ್ರ ವೈರ್ ಕೊಡಿ. ಕಿಂಡಿ ಮುಚ್ಚಿಹೋದರೆ ಒಳಗೆ ಬೆಸುಗೆಯಾಗುತ್ತಿಲ್ಲ. ಹಿಂದೆ ಕಾಣುವ ಚಂದದ ಅಲೆಗಳನ್ನು ನಂಬಿ ಮುಂದುವರಿಯಬೇಡಿ. ವೈರಿನ ಬಿಸಿ ತುದಿಯನ್ನು ಗ್ಯಾಸಿನ ಮುಸುಕಿನಿಂದ ಹೊರಗೆ ತೆಗೆಯಬೇಡಿ. ತೆಗೆದು ಕಪ್ಪಾದರೆ ಕತ್ತರಿಸಿ ಹಾಕಿ.

ನಿಲ್ಲಿಸುವ ರೀತಿಯನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ಕೊಳದ ನಡುವೆ ಟಾರ್ಚ್ ಎತ್ತಿದರೆ ಮೀನಿನ ಕಣ್ಣಿನಂಥ ಕುಳಿ ಬಿದ್ದು ಬಿರುಕು ಅಲ್ಲಿಂದ ಶುರುವಾಗುತ್ತದೆ. ಆರ್ಕನ್ನು ಬೆವೆಲ್ ಗೋಡೆಗೆ ಎಳೆದು ಬಿಡಿ. ಆರಿದ ಮೇಲೂ ಪೋಸ್ಟ್‌ಫ್ಲೋ ಗ್ಯಾಸ್ ನಿಲ್ಲುವ ತನಕ ಟಾರ್ಚನ್ನು ಅಲ್ಲೇ ಹಿಡಿದಿರಿ. ಮತ್ತೆ ಶುರು ಮಾಡುವ ಮೊದಲು ಆ ತುದಿಯನ್ನೂ ಟ್ಯಾಕಿನಂತೆಯೇ ತೆಳ್ಳಗೆ ಗ್ರೈಂಡ್ ಮಾಡಿ. ಹಿಂದಿನಿಂದ ಆರ್ಕ್ ಹಿಡಿದು ಬಂದು, ಹಳೆಯ ರೂಟ್ ಕರಗಿ ಕಿಂಡಿ ತೆರೆದ ಮೇಲೆಯೇ ವೈರ್ ಕೊಡಿ. ಅಭ್ಯಾಸದಲ್ಲಿ ಪ್ರತಿ ಇಂಚಿಗೂ ಬೇಕೆಂದೇ ನಿಲ್ಲಿಸಿ ಮತ್ತೆ ಶುರು ಮಾಡಿ. ಒಂದೇ ಓಟದಲ್ಲಿ ಅರ್ಧ ಪೈಪ್ ಕಟ್ಟುವವರು ಟೆಸ್ಟಿನ ದಿನ ವೈರ್ ಮುಗಿದ ಕಡೆಯಲ್ಲಿ ಸಿಕ್ಕಿಬೀಳುತ್ತಾರೆ.

ಮೇಲಿನ ಪದರಗಳು

ಹಾಟ್ ಪಾಸಿನಲ್ಲಿ ರೂಟನ್ನು ಮತ್ತೆ ಕರಗಿಸಿಬಿಡಬೇಡಿ. ಶಾಖ ಹೆಚ್ಚಾದರೆ ಚೆನ್ನಾಗಿದ್ದ ರೂಟ್ 6 ಗಂಟೆಯಲ್ಲಿ ತಗ್ಗಾಗುತ್ತದೆ. ಪದರದಿಂದ ಪದರಕ್ಕೆ ಪೈಪ್ ಎಷ್ಟು ಬಿಸಿಯಿರಬಹುದು ಎಂಬ ಮಿತಿ ಡಬ್ಲ್ಯುಪಿಎಸ್‌ನಲ್ಲಿರುತ್ತದೆ. ಅದನ್ನು ಟೆಂಪ್ ಸ್ಟಿಕ್‌ನಿಂದ ನೋಡಿ. ಉಗುಳು ಹಚ್ಚಿ ನೋಡುವ ಚಾಳಿ ಬಿಡಿ.

ಪೈಪ್ ಓರೆಯಾಗಿದ್ದರೂ ಕೊಳ ನೆಲಕ್ಕೆ ಸಮವಾಗಿರಲಿ. ಲೋಹ ಕೆಳಗಿನ ಅಂಚಿಗೆ ಜಾರುವುದರಿಂದ ಮೇಲಿನ ಅಂಚಿನಲ್ಲಿ ಅಂಡರ್‌ಕಟ್, ಕೆಳಗೆ ಓವರ್‌ಲ್ಯಾಪ್ ಬೀಳುತ್ತದೆ. ಮೇಲಿನ ಅಂಚಿನಲ್ಲಿ ಒಂದು ಕ್ಷಣ ಹೆಚ್ಚು ನಿಂತು ವೈರನ್ನು ಅಲ್ಲಿಗೇ ಕೊಡಿ. ಕ್ಯಾಪನ್ನು ಒಂದೇ ಅಗಲ ಬೀಡ್ ಬದಲು ಕೆಳಗಿನಿಂದ ಮೇಲಕ್ಕೆ ಜೋಡಿಸಿದ ಸಣ್ಣ ಬೀಡುಗಳಲ್ಲಿ ಮುಗಿಸುವುದು ವಾಸಿ. ಮುಗಿದ ಮೇಲೆ ಕ್ಯಾಪಿಗೆ ಗ್ರೈಂಡರ್ ತಾಗಿಸಬೇಡಿ, ಬ್ರಷ್ ಸಾಕು.

ತುಂಡು ಕೊಟ್ಟ ಮೇಲೆ

ಪೈಪನ್ನು ಸ್ಟ್ಯಾಂಡಿನಿಂದ ಬಿಚ್ಚುವ ಮೊದಲು 12 ಗಂಟೆಯ ಗುರುತು, ನಿಮ್ಮ ಸ್ಟ್ಯಾಂಪ್ ನಂಬರ್ ಎರಡೂ ಪಂಚ್ ಆಗಿವೆಯೇ ನೋಡಿ. ಬೆಂಡ್ ಟೆಸ್ಟಿಗೆ ಹೋದರೆ ಎರಡು ಫೇಸ್, ಎರಡು ರೂಟ್ ಪಟ್ಟಿ ಬಗ್ಗಿಸುತ್ತಾರೆ. ವೆಲ್ಡಿನಲ್ಲಾಗಲಿ ಅದರ ಪಕ್ಕದಲ್ಲಾಗಲಿ ಬಾಯಿಬಿಟ್ಟ ದೋಷ ಯಾವ ದಿಕ್ಕಿಗೂ 3 ಮಿ.ಮೀ. ಮೀರಬಾರದು. ಫೇಲಾದರೆ ಕೂಡಲೇ ಮತ್ತೊಂದು ತುಂಡು ಕೇಳಬೇಡಿ. ಬೆಂಡಿನಲ್ಲಿ ಬಿದ್ದವರು ತಕ್ಷಣದ ಮರುಪರೀಕ್ಷೆಗೆ ಒಂದಾದ ಮೇಲೊಂದು ಎರಡು ತುಂಡು ಕಟ್ಟಬೇಕು, ಎರಡೂ ಪಾಸಾಗಬೇಕು. ಮೊದಲು ಒಡೆದ ಪಟ್ಟಿಯನ್ನು ಕೇಳಿ ತೆಗೆದುಕೊಂಡು, ಎಷ್ಟು ಗಂಟೆಯ ಜಾಗದಲ್ಲಿ ಒಡೆದಿದೆ ನೋಡಿ, ಆ ಜಾಗವೊಂದನ್ನೇ ಅಭ್ಯಾಸ ಮಾಡಿ ಬನ್ನಿ.

ಪಾಸಾದವರು ಸರ್ಟಿಫಿಕೇಟಿನ ಪ್ರತಿಯನ್ನು ಅಂದೇ ಕೇಳಿ ಪಡೆಯಿರಿ. ಆರು ತಿಂಗಳು ಟಿಗ್ ಮುಟ್ಟದೆ ಕಳೆದರೆ ಅರ್ಹತೆ ಹೋಗುತ್ತದೆ. ಕೆಲಸ ಬದಲಿಸಿದರೂ, ಗಲ್ಫಿಗೆ ಹೊರಟರೂ, ಯಾವ ತಿಂಗಳು ಯಾವ ಜಾಯಿಂಟ್ ಕಟ್ಟಿದಿರಿ ಎಂಬ ದಾಖಲೆಗೆ ಬಿಡುವ ಮುನ್ನ ಸೂಪರ್‌ವೈಸರ್ ಸಹಿ ಹಾಕಿಸಿಕೊಳ್ಳಿ.